ಮೂವತ್ತೊಂದು ಪುಟಗಳ ತಿಂಗಳು

ಈ ಡಿಸೆಂಬರಿನಲ್ಲಿ ನಾನು ಓದಿದ್ದು ಒಟ್ಟು ಮೂವತ್ತೊಂದು ಪುಟ. ಪುಸ್ತಕವಲ್ಲ, ಪುಟ. ನಮ್ಮ ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವಳು ತಿಂಗಳಿಗೆ ಎಂಟು ಪುಸ್ತಕ ಓದುತ್ತಾಳೆ, ಓದಿದ್ದನ್ನೆಲ್ಲ ಸಾಲಾಗಿ ಜೋಡಿಸಿ ಫೋಟೊ ತೆಗೆದು ಫೋನಿನಲ್ಲಿ ಹಾಕುತ್ತಾಳೆ. ನಿನ್ನೆ ಊಟದ ಹೊತ್ತಿಗೆ, ನಿಮ್ಮದು ಈ ತಿಂಗಳು ಎಷ್ಟಾಯಿತು ಎಂದು ಮರಾಠಿಯಲ್ಲಿ ಕೇಳಿದಳು. ಮೂವತ್ತೊಂದು ಪುಟ ಎಂದೆ. ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡು ನಕ್ಕಳು. ನನಗೆ ಸಿಟ್ಟು ಬಂತು, ಆದರೆ ಸಿಟ್ಟು ಮಾಡುವುದನ್ನು ಈಗ ಸ್ವಲ್ಪ ಕಡಿಮೆ ಮಾಡಿದ್ದೇನೆ. ಡಬ್ಬಿ ಮುಚ್ಚಿ ಕೈ ತೊಳೆಯಲು ಎದ್ದು ಹೋದೆ.

ನಾನಿರುವುದು ಡೊಂಬಿವಲಿ ಪೂರ್ವದಲ್ಲಿ. ವಿಜಯಪುರದಿಂದ ಮದುವೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ಕೆಲಸ ಖಾರಘರದ ಒಂದು ಕಾಲೇಜಿನ ಆಫೀಸಿನಲ್ಲಿ. ಬೆಳಿಗ್ಗೆ ಡೊಂಬಿವಲಿಯಿಂದ ಥಾಣೆಗೆ ಬರುವ ಲೋಕಲ್ಲಿನಲ್ಲಿ ಓದುವ ಮಾತೇ ಇಲ್ಲ, ಎರಡೂ ಕಾಲು ನೆಲಕ್ಕೆ ತಾಗಿದರೆ ಅದೇ ಪುಣ್ಯ. ಥಾಣೆಯಲ್ಲಿ ಇಳಿದು, ಸೇತುವೆ ದಾಟಿ, ಪನವೇಲದ ಗಾಡಿ ಹಿಡಿಯಬೇಕು. ಅದು ಅಲ್ಲಿಂದಲೇ ಹೊರಡುವ ಗಾಡಿ. ಕಾಲು ಚುರುಕಾಗಿದ್ದರೆ ಲೇಡೀಸ್ ಡಬ್ಬಿಯಲ್ಲಿ ಕೂಡಲು ಜಾಗ ಸಿಗುತ್ತದೆ. ಅಲ್ಲಿಂದ ಖಾರಘರದ ತನಕ ಮುಕ್ಕಾಲು ಗಂಟೆ ನನ್ನದು. ಮನೆಯಲ್ಲಿ ಅಡುಗೆ, ಆಫೀಸಿನಲ್ಲಿ ವಿದ್ಯಾರ್ಥಿಗಳ ಅರ್ಜಿ. ಓದುವುದೇನಿದ್ದರೂ ಈ ಮುಕ್ಕಾಲು ಗಂಟೆಯಲ್ಲಿ.

ಅವರನ್ನು ಕಂಡದ್ದು ಆ ಡಬ್ಬಿಯಲ್ಲೇ, ಒಂಬತ್ತು ವರ್ಷದ ಹಿಂದೆ. ನನ್ನ ಕೈಯಲ್ಲಿ ಪುಸ್ತಕವಿತ್ತು. ಎದುರಿನ ಸೀಟಿನಿಂದ ಒಬ್ಬ ಹೆಂಗಸು ಬಗ್ಗಿ ಬಗ್ಗಿ ರಟ್ಟನ್ನು ನೋಡುತ್ತಿದ್ದರು. ನೋಡಿ ನೋಡಿ ಕೊನೆಗೆ ತಡೆಯಲಾರದೆ ಬಾಯಿ ಬಿಟ್ಟರು.

"ಕನ್ನಡವಾ? ಎಂತ ಮಾರಾಯ್ತಿ! ಎರಡು ವರ್ಷದಿಂದ ದಿನಾ ನಿಮಗೆ ಹಿಂದಿಯಲ್ಲಿ 'ಜರಾ ಸರಕೋ' ಅಂತ ಹೇಳ್ತಾ ಇದ್ದೇನಲ್ಲ ನಾನು!"

ನಿಜ, ಸರಕೋ ಅನ್ನುವ ಆ ದನಿ ನನಗೂ ಗೊತ್ತಿತ್ತು. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂಡಲು ಜಾಗ ಕೇಳುವ ಮಾತು ಅದು. ನಾನು ಪ್ರತಿಸಲವೂ ಮುಖ ಗಂಟು ಹಾಕಿಕೊಂಡೇ ಸರಿಯುತ್ತಿದ್ದೆ. ಅವತ್ತು ಮಾತ್ರ ನಕ್ಕು ಸರಿದೆ.

ಅವರು ಕರಾವಳಿಯವರು, ಮನೆಮಾತು ತುಳು. ಇದ್ದದ್ದು ಕಲ್ಯಾಣದಲ್ಲಿ. ಸೀವುಡ್ಸಿನ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಮುಂದಿನ ಟೇಬಲ್ಲಿಗೆ ಕೂತು ಪೇಶಂಟುಗಳ ಹೆಸರು ಬರೆದುಕೊಳ್ಳುವ ಕೆಲಸ. ನನಗಿಂತ ಏಳು ವರ್ಷ ದೊಡ್ಡವರು, ಗಂಡ ಇರಲಿಲ್ಲ, ಒಬ್ಬಳೇ ಮಗಳು. ನಾನು ಅವರನ್ನು 'ಅಕ್ಕಾರ' ಎನ್ನುತ್ತಿದ್ದೆ. ಅವರಿಗೆ ನಾನು 'ಮಾರಾಯ್ತಿ'. ನನ್ನ ವಿಜಯಪುರದ ಕನ್ನಡ ಕೇಳಿ ಅವರು ನಗುವರು, ಅವರ 'ಉಂಟು' 'ಎಂತದು' ಕೇಳಿ ನಾನು ನಗುವೆ. ಅವರ ಮನೆ ಕಲ್ಯಾಣದಲ್ಲಿ ಎಲ್ಲಿ ಎಂದು ನಾನು ಕೇಳಲಿಲ್ಲ, ನನ್ನದು ಎಲ್ಲಿ ಎಂದು ಅವರೂ ಕೇಳಲಿಲ್ಲ. ಟ್ರೇನಿನ ಗೆಳೆತನ ಹಾಗೆಯೇ, ಪ್ಲಾಟ್‌ಫಾರ್ಮಿನ ಆಚೆ ಬರುವುದಿಲ್ಲ. ಒಬ್ಬರ ಡಬ್ಬಿಯಲ್ಲಿ ಇಂದು ಏನು ಪಲ್ಯ ಎಂಬುದು ಗೊತ್ತಿರುತ್ತದೆ, ಬಾಗಿಲ ಬಣ್ಣ ಗೊತ್ತಿರುವುದಿಲ್ಲ.

ಪುಸ್ತಕ ಕೊಯ್ಯುವ ಉಪಾಯ ಅವರದು. ನಮ್ಮಿಬ್ಬರಿಗೂ ದಪ್ಪ ಕಾದಂಬರಿಗಳ ಚಟ. ಆದರೆ ದಪ್ಪ ಪುಸ್ತಕವನ್ನು ಆ ಗದ್ದಲದಲ್ಲಿ ಒಂದೇ ಕೈಯಲ್ಲಿ ಹಿಡಿಯುವುದು ಹೇಗೆ? ಒಂದು ಸಂಜೆ ಥಾಣೆಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಅವರು ಪರ್ಸಿನಿಂದ ಬ್ಲೇಡು ತೆಗೆದರು. ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ರೂಢಿ, ಖಂಡೇನವಮಿಗೆ ಪುಸ್ತಕಗಳಿಗೆ ಕುಂಕುಮ ಇಟ್ಟು ಪೂಜೆ.

"ಬ್ಯಾಡ್ರಿ ಅಕ್ಕಾರ, ಪಾಪ ಬರತದ."

"ಓದದೆ ಕಪಾಟಿನಲ್ಲಿ ಇಟ್ರೆ ಪಾಪ ಬರುವುದಿಲ್ವಾ?" ಎಂದವರೇ ಬೆನ್ನಿನ ನಟ್ಟನಡುವೆ ಬ್ಲೇಡು ಎಳೆದರು. ಮಾರನೆಯ ದಿನ ಎರಡೂ ಅರ್ಧಗಳಿಗೆ ದಬ್ಬಳದಿಂದ ಹೊಲಿಗೆ ಹಾಕಿ, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ಅಂಟಿಸಿಕೊಂಡು ಬಂದಿದ್ದರು. ನನ್ನ ಯಜಮಾನರು ಅದನ್ನು ನೋಡಿ, "ಕುರಿ ಕೊಯ್ಯೋರನ್ನ ನೋಡೇನಿ, ಪುಸ್ತಕ ಕೊಯ್ಯೋರನ್ನ ನೋಡಿದ್ದಿಲ್ಲ" ಎಂದರು.

ಅಂದಿನಿಂದ ನಮ್ಮ ತಿಂಗಳುಗಳಿಗೆ ಒಂದು ಕಟ್ಟು ಬಂತು. ತಿಂಗಳಿಗೆ ಒಂದು ಪುಸ್ತಕ, ಎರಡು ತುಂಡು. ಮೊದಲ ಹದಿನೈದು ದಿನ ಮೊದಲರ್ಧ ಅವರ ಹತ್ತಿರ, ಆ ದಿನಗಳಲ್ಲಿ ನಾನು ಹಿಂದಿನ ತಿಂಗಳ ಎರಡನೆಯ ಅರ್ಧ ಓದಿಕೊಳ್ಳುವುದು. ಮುಂದಿನ ಹದಿನೈದು ದಿನ ಮೊದಲರ್ಧ ನನ್ನ ಕೈಗೆ, ಅವರು ಎರಡನೆಯ ಅರ್ಧಕ್ಕೆ. ತಿಂಗಳ ಕೊನೆಯ ಸಂಜೆ ಅದೂ ನನಗೆ ಬರುತ್ತಿತ್ತು, ಅದೇ ಬೆಂಚಿನ ಮೇಲೆ ಕೂತು ಮುಂದಿನ ತಿಂಗಳ ಪುಸ್ತಕ ನಿಶ್ಚಯ ಮಾಡುತ್ತಿದ್ದೆವು. ಒಂದೊಂದು ಚಹಾ, ನಡುವೆ ಒಂದು ಪೊಟ್ಟಣ ಶೇಂಗಾ. ಅವರು ಯಾವಾಗಲೂ ನನಗಿಂತ ಮುಂದಿರುತ್ತಿದ್ದರು, ಮುಂದಿನದನ್ನು ಹೇಳಬಾರದು ಎಂಬುದು ಕರಾರು. ಒಮ್ಮೆ ಮಾತಿನ ಭರದಲ್ಲಿ ಒಂದು ಪಾತ್ರ ಸಾಯುವುದನ್ನು ಹೇಳಿಬಿಟ್ಟರು. ನಾನು ಎರಡು ದಿನ ಅವರೊಂದಿಗೆ ಮಾತೇ ಆಡಲಿಲ್ಲ.

ಇನ್ನೊಂದು ಪಣವಿತ್ತು. ಮೊದಲರ್ಧ ಮುಗಿಸಿದ ದಿನ ಅವರು ಅದರ ಕೊನೆಯ ಹಾಳೆಯ ಹಿಂದೆ, ಕಥೆ ಹೇಗೆ ಮುಗಿಯುತ್ತದೆ ಎಂಬ ಊಹೆಯನ್ನು ಒಂದು ಸಾಲಿನಲ್ಲಿ ಬರೆಯಬೇಕು. ನಾನು ಮುಗಿಸಿದ ದಿನ ಅದರ ಕೆಳಗೆ ನನ್ನದು. ಇಬ್ಬರೂ ಓದಿ ಮುಗಿಸಿದ ಮೇಲೆ, ಸರಿಯಾದವರಿಗೆ ಒಂದಿಡೀ ತಿಂಗಳು ಕಿಟಕಿಯ ಸೀಟು. ಇಬ್ಬರಲ್ಲಿ ಯಾರು ಮೊದಲು ಹತ್ತಿ ಕಿಟಕಿ ಹಿಡಿದರೂ ಗೆದ್ದವರಿಗೆ ಬಿಟ್ಟುಕೊಡಬೇಕು. ನಾನು ಹೆಚ್ಚು ಸಲ ಗೆಲ್ಲುತ್ತಿದ್ದೆ. ಅವರ ಊಹೆಯಲ್ಲಿ ಎಲ್ಲರೂ ಒಳ್ಳೆಯವರಾಗಿ ಬಿಡುತ್ತಿದ್ದರು, ಕಾದಂಬರಿಗಳಲ್ಲಿ ಹಾಗೆ ಆಗುವುದಿಲ್ಲವಲ್ಲ.

ಅವರದೇ ಒಂದು ಅಭ್ಯಾಸ ಇತ್ತು. ಓದು ಎಲ್ಲಿಗೆ ನಿಂತಿತೋ ಅಲ್ಲಿ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಅಕ್ಷರ, ಆಗ ಗಾಡಿ ಇದ್ದ ನಿಲ್ದಾಣದ್ದು. ಐರೋಲಿಯಲ್ಲಿ ಪೇಶಂಟಿನ ಫೋನು ಬಂದು ನಿಂತರೆ 'ಐ'. ನೆರೂಳದಲ್ಲಿ ಕಣ್ಣು ಮುಚ್ಚಿ ತೂಕಡಿಸಿದರೆ 'ನೆ'. ಪ್ರತಿದಿನದ ಕೊನೆಯ ಗುರುತು 'ಸೀ', ಅಂದರೆ ಸೀವುಡ್ಸ್, ಅವರು ಇಳಿಯುವ ಜಾಗ. ನನಗೆ ಅಲ್ಲಿಂದ ಇನ್ನೂ ಎರಡು ನಿಲ್ದಾಣ. ಅವರ ಗುರುತುಗಳನ್ನು ಹಿಡಿದುಕೊಂಡೇ ನಾನು ಓದುತ್ತಿದ್ದೆ. ಎಲ್ಲಿ ಅವರಿಗೆ ನಿದ್ದೆ ಬಂತು, ಎಲ್ಲಿ ಬಿಡದೆ ಓದಿದರು ಎಲ್ಲ ಗೊತ್ತಾಗುತ್ತಿತ್ತು.

ಅಕ್ಟೋಬರಿಗೆ ಹಿಡಿದದ್ದು ಇಬ್ಬರು ಅಕ್ಕ-ತಂಗಿಯರ ಕಥೆ. ಒಂದೇ ಓಣಿಯಲ್ಲಿ ಮನೆ, ತಾಯಿಯ ಬೆಳ್ಳಿಯ ಡಾಬಿನ ಸಲುವಾಗಿ ಮಾತು ಬಿಟ್ಟು ಹದಿನೆಂಟು ವರ್ಷ. ಮೊದಲರ್ಧದ ಕೊನೆಯಲ್ಲಿ ಅಕ್ಕ ಹಾಸಿಗೆ ಹಿಡಿಯುತ್ತಾಳೆ, ಸುದ್ದಿ ತಂಗಿಯ ಕಿವಿಗೆ ಬೀಳುತ್ತದೆ. ಅಲ್ಲಿಗೆ ನಮ್ಮ ಬ್ಲೇಡು ಬಿದ್ದಿತ್ತು. ಅಕ್ಕಾರು ಆ ಹಾಳೆಯ ಹಿಂದೆ ಬರೆದಿದ್ದರು: 'ಹೋಗ್ತಾಳೆ. ಹೋಗದೆ ಎಲ್ಲಿಗೆ ಹೋಗ್ತಾಳೆ!' ಅದರ ಕೆಳಗೆ ನಾನು ಬರೆದೆ: 'ಹೋಗಂಗಿಲ್ಲ.'

ಆ ಅರ್ಧವನ್ನು ಕೈಗೆ ಕೊಡುವಾಗ ಅವರೊಂದು ಮಾತು ಹೇಳಿದ್ದರು. "ಮುಂದಿನ ತಿಂಗಳು ಸಪೂರದ್ದು ಯಾವುದಾದರೂ ತೆಗೊಳ್ಳುವ ಮಾರಾಯ್ತಿ. ಅರ್ಧವೂ ಭಾರ ಆಗ್ತದೆ ಈಗ, ಕೈ ಸೋಲ್ತದೆ."

ನಾನೇನು ಹೇಳಿದೆ? "ಕೈ ಸೋತಿಲ್ಲ ಅಕ್ಕಾರ, ನಿಮಗ ಓದೂ ಮನಸ್ಸ ಸೋತದ" ಎಂದೆ. ಅವರು ನಕ್ಕರು. ಮುಖ ಸ್ವಲ್ಪ ಹಳದಿಯಾಗಿತ್ತು ಎಂಬುದು ಈಗ ನೆನಪಾಗುತ್ತದೆ. ಆಗಲೂ ಕಂಡಿತ್ತು, ಬೆಳಕು ಹಾಗಿದೆ ಅಂದುಕೊಂಡೆ.

ಅದಾದ ನಾಲ್ಕೈದು ದಿನಕ್ಕೆ ಅವರು ಗಾಡಿಗೆ ಬರುವುದು ನಿಂತಿತು. ಒಂದು ವಾರ ಜಾಗ ಹಿಡಿದಿಟ್ಟು ಬೈಸಿಕೊಂಡೆ. ಅಕ್ಟೋಬರಿನ ಕೊನೆಗೆ ಮೆಸೇಜು ಹಾಕಿದೆ: ತಿಂಗಳು ಮುಗಿಯಿತು, ನಿಮ್ಮ ಅರ್ಧ ಎಲ್ಲಿ? ಮೂರು ತಾಸಿನ ಮೇಲೆ ಉತ್ತರ ಬಂತು. 'ಸ್ವಲ್ಪ ತಡ ಆಯಿತು. ಮುಗಿಸಿಯೇ ಕೊಡ್ತೇನೆ.' ಅಷ್ಟೇ. ಯಾಕೆ ತಡ ಎಂದು ನಾನು ಕೇಳಲಿಲ್ಲ. ಅವರಾಗಿ ಹೇಳಲಿಲ್ಲ.

ಆಮೇಲೆ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಒಂದು ಬೆಳಿಗ್ಗೆ ಥಾಣೆಯ ಸೇತುವೆಯ ಮೇಲೆ ಅವರದೇ ನಸುಗೆಂಪು ಸೀರೆ, ಅವರದೇ ನಡಿಗೆಯ ಹೆಂಗಸೊಬ್ಬಳು ವಾಶಿಯ ಗಾಡಿಯ ಕಡೆಗೆ ಹೋಗುತ್ತಿದ್ದುದು ಬೆನ್ನಿನಿಂದ ಕಂಡಿತು. ಅವರೇ ಎಂದು ನಿಶ್ಚಯ ಮಾಡಿಬಿಟ್ಟೆ. ನನ್ನ ಬಾಯಿಗೆ ಬೇಸತ್ತು ಗಾಡಿ ಬದಲಿಸಿದ್ದಾರೆ, ಪುಸ್ತಕದ ಅರ್ಧ ಇಟ್ಟುಕೊಂಡಿದ್ದಾರೆ. ಇಷ್ಟು ವರ್ಷ ಸರಿದು ಜಾಗ ಕೊಟ್ಟದ್ದಕ್ಕೆ ಇದು ಬಹುಮಾನ. ಹೀಗೆ ಒಂದು ವಾರ ಕುದ್ದೆ. ನವೆಂಬರಿನ ಎರಡನೆಯ ವಾರ ಒಂದು ದಿನ, ಗಾಡಿಯಲ್ಲಿ ನಿಂತುಕೊಂಡೇ, ಎರಡನೆಯ ಮೆಸೇಜು ಹೊಡೆದೆ. ಅದಕ್ಕೆ ಉತ್ತರ ಬರಲಿಲ್ಲ.

ಒಂದು ದಿನ ಸೀವುಡ್ಸಿನಲ್ಲಿ ಇಳಿದು ಕ್ಲಿನಿಕ್ಕಿಗೆ ಹೋಗಿ ಕೇಳಬಹುದಿತ್ತು. ಸ್ಟೇಶನ್ನಿನಿಂದ ಐದು ನಿಮಿಷ ಎಂದು ಅವರೇ ಹೇಳಿದ್ದರು. ಆ ನಿಲ್ದಾಣವನ್ನು ನಾನು ದಿನಕ್ಕೆ ಎರಡು ಸಲ ದಾಟುತ್ತಿದ್ದೆ. ಗಾಡಿ ನಿಲ್ಲುತ್ತಿತ್ತು, ಜನ ಇಳಿಯುತ್ತಿದ್ದರು, ಹತ್ತುತ್ತಿದ್ದರು. ನಾನು ಮೂತಿ ಉಬ್ಬಿಸಿಕೊಂಡು ಕೂತಿರುತ್ತಿದ್ದೆ.

ಫೋನು ಬಂದದ್ದು ನವೆಂಬರಿನ ನಾಲ್ಕನೆಯ ವಾರ. ಅವರದೇ ನಂಬರು. ಬೈಯಬೇಕೆಂದೇ ಎತ್ತಿದೆ. ಆಚೆ ಬೇರೆ ದನಿ, ಹುಡುಗಿಯದು, ಹಿಂದಿಯಲ್ಲಿ.

"ಹಲೋ, ಆಪ್ ಕೌನ್ ಹೈ? ಮಮ್ಮಿ ನೇ ಆಪ್ ಕಾ ನಾಮ್ ಕನ್ನಡ ಮೇ ಲಿಖಾ ಹೈ. ಮುಝೆ ಪಢನಾ ನಹೀ ಆತಾ."

ಅವರ ಮಗಳು. ಅಮ್ಮ ಕನ್ನಡದಲ್ಲಿ ಬರೆದ ನನ್ನ ಹೆಸರು ಓದಲು ಬರುವುದಿಲ್ಲ, ನೀವು ಯಾರು ಎಂದು ಕೇಳುತ್ತಿದ್ದಳು. ತಾಯಿ ಹೋಗಿ ಹದಿನಾರು ದಿನವಾಗಿತ್ತು. ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು. ಫೋನಿನಲ್ಲಿದ್ದ ಎಲ್ಲರಿಗೂ ಹುಡುಗಿ ಸುದ್ದಿ ಮುಟ್ಟಿಸಿದ್ದಳು, ಇಂಗ್ಲಿಷಿನಲ್ಲಿ ಬರೆದ ಹೆಸರುಗಳಿಗೆಲ್ಲ. ಕನ್ನಡದಲ್ಲಿ ಬರೆದದ್ದು ಒಂದೇ ಒಂದು, ಅದು ಯಾರೆಂದು ತಿಳಿಯದೆ ಕೊನೆಗೆ ಉಳಿದುಬಿಟ್ಟಿತ್ತು. ಏನು ಬರೆದಿದೆ ಎಂದು ನಾನು ಆಮೇಲೆ ಅವರ ಮನೆಯಲ್ಲಿ ನೋಡಿದೆ. 'ಪುಸ್ತಕ' ಎಂದಿತ್ತು.

ಆ ಭಾನುವಾರವೇ ಕಲ್ಯಾಣಕ್ಕೆ ಹೋದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರ ಬಾಗಿಲು ಕಂಡೆ. ಹಸಿರು ಬಣ್ಣ. ಮಗಳಿಗೆ ಇಪ್ಪತ್ತೈದಿರಬಹುದು, ರಬಾಳೆಯ ಒಂದು ಕಂಪನಿಯಲ್ಲಿ ಕೆಲಸ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಕಾಮಾಲೆ ಎಂದು ಆಸ್ಪತ್ರೆಗೆ ಸೇರಿಸಿದರಂತೆ, ಒಳಗೆ ಬೇರೆಯದೇ ಇತ್ತಂತೆ. ಮೂರು ವಾರ. ಟ್ರೇನಿನವರಿಗೆ ಹೇಳಬೇಡ, ನಾನೇ ಹೋಗಿ ಹೇಳುತ್ತೇನೆ ಅಂದಿದ್ದರಂತೆ.

ಹುಡುಗಿ ಒಳಗಿನಿಂದ ಪುಸ್ತಕದ ಅರ್ಧ ತಂದಳು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟಿದ್ದಳು. ನನ್ನ ಮೊದಲ ಮೆಸೇಜು ಬಂದ ದಿನ ಅಮ್ಮ ಅದನ್ನು ಓದಿ ನಕ್ಕಳು, ಕೂಡಲೇ ಪುಸ್ತಕ ಕೊಡು ಎಂದಳು, ಕೈಗೆ ಸಲಾಯಿನ್ ಇದ್ದರೂ ಇನ್ನೊಂದು ಕೈಯಲ್ಲಿ ಹಿಡಿದು ಓದಿದಳು ಎಂದು ಹೇಳಿದಳು. "ವೋ ರುಕೀ ಹೈ, ಜಲ್ದಿ ಖತಮ್ ಕರನಾ ಹೈ, ಐಸಾ ಬೋಲತೀ ಥೀ." ಅವಳು ಕಾಯುತ್ತಿದ್ದಾಳೆ, ಬೇಗ ಮುಗಿಸಬೇಕು. ಸಂಜೆ ಮಗಳು ಬಂದರೆ ಅಂದು ಓದಿದಷ್ಟನ್ನು ತುಳುವಿನಲ್ಲಿ ಕಥೆ ಮಾಡಿ ಹೇಳುತ್ತಿದ್ದರಂತೆ. ಆ ಅಕ್ಕ-ತಂಗಿಯರ ಸುದ್ದಿ ಹುಡುಗಿಗೆ ನನಗಿಂತ ಹೆಚ್ಚು ಗೊತ್ತಿತ್ತು.

ನಾನು ಅತ್ತೆ. ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಹುಡುಗಿ ನೀರು ತಂದು ಕೊಟ್ಟಳು, ನನ್ನ ಪಕ್ಕದಲ್ಲಿ ಕೂತು ತಾಯಿಯ ಫೋನು ತೆರೆದಳು.

"ಆಂಟಿ, ಮಮ್ಮಿ ಕೇ ಜಾನೇ ಕೇ ದೋ ದಿನ ಬಾದ್ ಆಪ್ ಕಾ ಔರ್ ಏಕ್ ಮೆಸೇಜ್ ಆಯಾ ಥಾ. ಕ್ಯಾ ಲಿಖಾ ಹೈ? ಪಢ ಕೇ ಸುನಾವೋ ನಾ."

ಅಮ್ಮ ಹೋಗಿ ಎರಡು ದಿನಕ್ಕೆ ಬಂದ ನನ್ನ ಮೆಸೇಜಿನಲ್ಲಿ ಏನಿದೆ, ಓದಿ ಹೇಳಿ ಎನ್ನುತ್ತಿದ್ದಳು. ಫೋನು ನನ್ನ ಕೈಗೆ ಬಂತು. ನಾನೇ ಬರೆದದ್ದು ನನ್ನ ಮುಂದೆ ಇತ್ತು. 'ಅಕ್ಕಾರ, ನೀವು ಬ್ಯಾರೆ ಗಾಡಿ ಹಿಡದಿದ್ದು ನಾ ನೋಡೇನಿ. ನನ್ನ ಜೋಡಿ ಓದೂದು ಬ್ಯಾಡಾಗಿದ್ದರ ಬಾಯಿ ಬಿಟ್ಟು ಹೇಳಬೇಕಾಗಿತ್ತು. ಪುಸ್ತಕದ ಅರ್ಧ ಇಟಗೊಂಡು ಕೂಡೂದು ಚಂದ ಅಲ್ಲ. ಕೊರಿಯರ್ ಮಾಡ್ರಿ. ಇನ್ನ ಮುಂದ ನಿಮ್ಮದು ನಿಮಗ, ನನ್ನದು ನನಗ.'

ಅದನ್ನು ಹೇಗೆ ಓದಲಿ? ಕಣ್ಣು ಆ ಸಾಲುಗಳ ಮೇಲೆ ಇಟ್ಟುಕೊಂಡೇ ಬೇರೆ ಓದಿದೆ. "ಅಕ್ಕಾರ, ಆರಾಮ ಓದ್ರಿ. ಗಡಿಬಿಡಿ ಏನಿಲ್ಲ. ನಾ ಕಾಯತೀನಿ."

ಹುಡುಗಿಯ ಕಣ್ಣು ತುಂಬಿ ಬಂತು. ಆಮೇಲೆ ಫೋನಿನತ್ತ ನೋಡಿ, "ಇತನಾ ಲಂಬಾ ಹೈ, ಬಸ್ ಇತನಾ ಹೀ?" ಎಂದಳು. ಇಷ್ಟು ಉದ್ದ ಇದೆ, ಇಷ್ಟೇನಾ.

"ಕನ್ನಡ ಅಕ್ಷರ ಹಂಗ ಇರತಾವ ಮಗಳ. ದುಂಡಗ. ಜಾಗಾ ಭಾಳ ಹಿಡೀತಾವ."

ನಂಬಿದಳು. ಲಿಫ್ಟಿನಲ್ಲಿ ಇಳಿಯುವಾಗ ಕನ್ನಡಿಯಲ್ಲಿ ನನ್ನ ಮುಖ ನೋಡಲಾಗಲಿಲ್ಲ.

ಮರುದಿನದಿಂದ ಹೋಗುವಾಗಲೂ ಬರುವಾಗಲೂ ಗಾಡಿಯಲ್ಲಿ ಆ ಅರ್ಧವನ್ನು ಓದಲು ಹಿಡಿದೆ. ಮೊದಲ ಕೆಲವು ಹಾಳೆಗಳಲ್ಲಿ 'ಐ', 'ನೆ', 'ಸೀ'. ಅವರ ಎಂದಿನ ಬೆಳಗುಗಳು. ಆಮೇಲೆ ನಿಲ್ದಾಣಗಳು ನಿಂತುಹೋದವು. ಅಂಚಿನಲ್ಲಿ ಅದೇ ಪೆನ್ಸಿಲು, ಬೇರೆ ಗುರುತುಗಳು. 'ಸಲಾಯಿನ್.' 'ಡಾಕ್ಟರು ಬಂದರು.' 'ಗಂಜಿ, ಬೇಡ.' 'ಮಗಳು ಬಂದಳು.' ಒಂದೊಂದು ಗುರುತಿಗೂ ನಡುವೆ ಪುಟಗಳು ಕಡಿಮೆಯಾಗುತ್ತ ಹೋದವು. ಹತ್ತು ಪುಟ, ನಾಲ್ಕು ಪುಟ, ಎರಡು. ಅಕ್ಷರ ಓರೆಯಾಗುತ್ತ ಹೋಯಿತು. ಕೊನೆಯ ಗುರುತು ಒಂದು ಪುಟದ ನಡುವೆ ಇತ್ತು, ಒಂದು ಮಾತು ಮುಗಿಯುವ ಮೊದಲೇ. ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿ ಅಲ್ಲಿ ಅವರು ಬರೆದದ್ದು 'ಸೀ'.

ಅದನ್ನು ನೋಡಿ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇಳಿಯುವವರು ಹೇಳಿ ಇಳಿಯಬೇಕು. ಒಂಬತ್ತು ವರ್ಷ ದಿನಾ "ಬರ್ತೇನೆ ಮಾರಾಯ್ತಿ" ಎಂದು ಹೇಳಿ ಇಳಿದವರು. ಅಂದು ಖಾರಘರ ದಾಟಿ ಪನವೇಲದ ತನಕ ಹೋಗಿಬಿಟ್ಟೆ, ಗೊತ್ತೇ ಆಗಲಿಲ್ಲ. ಆಫೀಸಿಗೆ ತಡವಾಗಿ ಹೋಗಿ ಬೈಸಿಕೊಂಡೆ.

'ಸೀ' ಇದ್ದ ಪುಟದ ಮುಂದೆ ಗುರುತಿಲ್ಲದ ಹಾಳೆಗಳನ್ನು ತಿರುವಿ ನೋಡಿದೆ. ಮೂವತ್ತೊಂದು ಪುಟ. ಮನಸ್ಸು ಮಾಡಿದರೆ ಹೋಗಿ ಬರುವುದರೊಳಗೆ ಮುಗಿಯುವಷ್ಟು. ಆದರೆ ಇದುವರೆಗೆ ನಾನು ಅವರಿಗಿಂತ ಮುಂದೆ ಓದಿದ್ದೇ ಇಲ್ಲ. ಅವರು ಹೋಗದ ಪುಟಕ್ಕೆ ಒಬ್ಬಳೇ ಹೋಗಲು ಭಯವಾಯಿತು. ಮರುದಿನ ಡಿಸೆಂಬರ್ ಒಂದು. ಬೇಗ ಬೇಗ ಎಂದು ಒಂಬತ್ತು ವರ್ಷ ಅವರ ಬೆನ್ನು ಹತ್ತಿದವಳು ನಾನು. ಈ ತಿಂಗಳು ದಿನಕ್ಕೊಂದು ಪುಟ, ಅದಕ್ಕಿಂತ ಒಂದು ಸಾಲೂ ಹೆಚ್ಚಿಲ್ಲ ಎಂದು ನಿಶ್ಚಯಿಸಿದೆ. ಇದೇ ಈ ತಿಂಗಳ ನನ್ನ ಓದಿನ ಯೋಜನೆ. ಇದನ್ನು ಪಕ್ಕದ ಟೇಬಲ್ಲಿನವಳಿಗೆ ಹೇಗೆ ಹೇಳಲಿ?

ದಿನಕ್ಕೊಂದು ಪುಟ ಓದುವುದು ಸುಲಭವಲ್ಲ. ಐರೋಲಿ ಬರುವುದರೊಳಗೆ ಮುಗಿದುಬಿಡುತ್ತದೆ. ಮತ್ತೆ ಮೊದಲಿನಿಂದ ಓದುತ್ತಿದ್ದೆ. ಖಾರಘರ ಬರುವಷ್ಟರಲ್ಲಿ ನಾಲ್ಕು ಸಲವಾಗುತ್ತಿತ್ತು. ರಜೆಯ ದಿನ ಮನೆಯ ಗ್ಯಾಲರಿಯಲ್ಲಿ, ಒಣಗಿದ ಬಟ್ಟೆಗಳ ನಡುವೆ ನಿಂತು ಓದುತ್ತಿದ್ದೆ. ಅಷ್ಟು ಸಲ ಓದಿದರೆ ಮಾತುಗಳು ಬಾಯಿಪಾಠವಾಗುತ್ತವೆ. ಮೂರನೆಯ ಪುಟದಲ್ಲಿ ಒಂದು ಅಚ್ಚಿನ ತಪ್ಪು ಸಿಕ್ಕಿತು. ಅವರಿದ್ದಿದ್ದರೆ ಅದಕ್ಕೊಂದು ಸುತ್ತು ಹಾಕಿ ಪಕ್ಕದಲ್ಲಿ 'ಅಯ್ಯೋ' ಎಂದು ಬರೆಯುತ್ತಿದ್ದರು. ಪೆನ್ಸಿಲು ಹುಡುಕಿ ನಾನೇ ಬರೆದೆ.

ಅದರ ಹಿಂದಿನ ಪುಟಗಳೆಲ್ಲ ಹದಿನೆಂಟು ವರ್ಷದ ಹಳೆಯ ಜಗಳದ ಕಥೆ, ಆ ಮೂವತ್ತೊಂದು ಪುಟಗಳಲ್ಲಿ ಆಗುವುದು ಬಹಳ ಕಡಿಮೆ. ಅಕ್ಕನ ಸುದ್ದಿ ಕೇಳಿದ ತಂಗಿ ಹೋಗುವುದೋ ಬೇಡವೋ ಎಂದು ದಿನ ತಳ್ಳುತ್ತಾಳೆ. ಭಾಂಡೆ ತಿಕ್ಕುತ್ತಾಳೆ. ಅಕ್ಕಿ ಹಸನು ಮಾಡುತ್ತಾಳೆ. ಅವಳಾಗಿ ಕರೆಯಲಿ ಎನ್ನುತ್ತಾಳೆ, ಹದಿನೆಂಟು ವರ್ಷ ಬರದವಳು ಈಗ ಯಾಕೆ ಎನ್ನುತ್ತಾಳೆ. ಮೊದಲ ವಾರ ನನಗೆ ಬರೆದವರ ಮೇಲೆ ಸಿಟ್ಟು, ಇಷ್ಟು ಎಳೆಯುವುದು ಯಾಕೆಂದು. ಎರಡನೆಯ ವಾರ ತಂಗಿಯ ಮೇಲೆ ಸಿಟ್ಟು. ಮೂರನೆಯ ವಾರ ಸೀವುಡ್ಸಿನಲ್ಲಿ ಗಾಡಿ ನಿಂತಾಗ ಪುಸ್ತಕ ಮುಚ್ಚಿ ತಲೆ ತಗ್ಗಿಸಿ ಕೂತೆ. ಇಪ್ಪತ್ತೆರಡನೆಯ ಪುಟದಲ್ಲಿ ತಂಗಿ ಒಲೆಯ ಮೇಲಿನ ಹಾಲನ್ನು ಇಳಿಸಿ, ಚಪ್ಪಲಿ ಮೆಟ್ಟಿ, ಓಣಿಗೆ ಇಳಿಯುತ್ತಾಳೆ. ಇಪ್ಪತ್ತೆರಡು ಪುಟ ತಡ ಮಾಡಿದಳು, ಆದರೂ ಹೋದಳು. ನಾನು ಹೋಗಲೇ ಇಲ್ಲ.

ಡಿಸೆಂಬರಿನ ಕೊನೆಯ ದಿನ ಬೆಳಿಗ್ಗೆ ಕೊನೆಯ ಪುಟ ಓದಿದೆ. ಆ ಸಂಜೆ ಥಾಣೆಗೆ ಬಾ ಎಂದು ಹುಡುಗಿಗೆ ಮೊದಲೇ ಫೋನು ಮಾಡಿದ್ದೆ. ರಬಾಳೆಯಿಂದ ಕಲ್ಯಾಣಕ್ಕೆ ಹೋಗಲು ಹೇಗೂ ಅವಳು ಅಲ್ಲಿ ಗಾಡಿ ಬದಲಿಸಬೇಕು. ಅದೇ ಬೆಂಚು. ಎರಡು ಚಹಾ, ಒಂದು ಪೊಟ್ಟಣ ಶೇಂಗಾ. ಹೊಸ ವರ್ಷದ ಗದ್ದಲ, ತಲೆಯ ಮೇಲೆ ಹೊಳೆಯುವ ಟೋಪಿ ಹಾಕಿಕೊಂಡವರು ನಮ್ಮ ಮುಂದೆ ಓಡಾಡುತ್ತಿದ್ದರು.

ಅವಳು ಶೇಂಗಾ ಸುಲಿಯುತ್ತ, "ಬಹನ್ ಗಯೀ ಕಿ ನಹೀ?" ಎಂದು ಕೇಳಿಯೇಬಿಟ್ಟಳು. ತಂಗಿ ಹೋದಳೋ ಇಲ್ಲವೋ. ಅಮ್ಮ ಹೇಳಿದ ಕಥೆ ಅಲ್ಲಿಗೆ ನಿಂತಿತ್ತು.

"ಹೇಳತೀನಿ. ಅದಕ್ಕೂ ಮೊದಲು ಇನ್ನೊಂದು ಓದೂದದ" ಎಂದೆ. ನನ್ನ ಫೋನು ತೆಗೆದು ಆ ಮೆಸೇಜನ್ನು, ಇದ್ದದ್ದು ಇದ್ದ ಹಾಗೆ, ಮೊದಲಿನಿಂದ ಕೊನೆಯ ತನಕ ಓದಿದೆ. ನಿಮ್ಮದು ನಿಮಗ, ನನ್ನದು ನನಗ ಎಂಬುದನ್ನೂ ಓದಿದೆ. ಅವತ್ತು ಸುಳ್ಳು ಓದಿದೆ, ಧೈರ್ಯ ಆಗಲಿಲ್ಲ ಎಂದೆ.

ಸುಲಿದ ಶೇಂಗಾ ಹುಡುಗಿಯ ಅಂಗೈಯಲ್ಲೇ ಉಳಿಯಿತು. ಒಂದೆರಡು ಗಾಡಿಗಳು ಬಂದು ಹೋದವು. ಎದ್ದು ಹೋಗುತ್ತಾಳೆ ಅಂದುಕೊಂಡೆ, ಹೋದರೂ ಸರಿಯೇ ಎನಿಸಿತು. ಕೊನೆಗೆ ಅವಳು, ನನ್ನ ಮುಖ ನೋಡದೆ, ತಡೆತಡೆದು ಕನ್ನಡದಲ್ಲಿ ಮಾತಾಡಿದಳು.

"ಅಮ್ಮ ಹೇಳ್ತಿದ್ಲು. ಅವಳಿಗೆ ಭಾರಿ ಸಿಟ್ಟು. ಎರಡು ದಿನ ಮಾತಾಡೂದಿಲ್ಲ. ಆಮೇಲೆ ಸರಿ ಆಗ್ತಾಳೆ."

ಅವಳು ಅಂಗೈಯ ಶೇಂಗಾವನ್ನು ನನ್ನ ಕೈಗೆ ಸುರಿದು, ಈಗ ಕಥೆ ಹೇಳಿ ಎಂಬಂತೆ ಕೂತಳು.

ಕೊನೆಯ ಪುಟವನ್ನು ಓದಿ ಹೇಳಿದೆ. ತಂಗಿ ಹೋಗುತ್ತಾಳೆ. ಬಾಗಿಲು ತೆರೆದೇ ಇರುತ್ತದೆ. ಅಕ್ಕ ಕಣ್ಣು ಬಿಟ್ಟು ನೋಡುತ್ತಾಳೆ, ಡಾಬಿನ ಮಾತಿಲ್ಲ, ಹದಿನೆಂಟು ವರ್ಷದ ಮಾತಿಲ್ಲ. ಮಂಚದ ಮೇಲೆ ಗೋಡೆಯ ಕಡೆಗೆ ಸ್ವಲ್ಪ ಸರಿದು ಜಾಗ ಮಾಡುತ್ತಾಳೆ.

"ಬಸ್?" ಎಂದಳು.

"ಬಸ್."

"ಮಮ್ಮಿ ನೇ ಯಹೀ ಬೋಲಾ ಥಾ. ಜಾಯೇಗೀ" ಎಂದಳು. ಅಮ್ಮನೂ ಇದನ್ನೇ ಹೇಳಿದ್ದಳಂತೆ, ಹೋಗುತ್ತಾಳೆ ಎಂದು. ಮೊದಲರ್ಧವನ್ನು ಚೀಲದಿಂದ ತೆಗೆದು ಅದರ ಬೆನ್ನ ಹಾಳೆಯಲ್ಲಿದ್ದ ಅವಳ ತಾಯಿಯ ಅಕ್ಷರ ತೋರಿಸಿದೆ. ಓದಲು ಬಾರದಿದ್ದರೂ ಅದರ ಮೇಲೆ ಬೆರಳಾಡಿಸಿದಳು. ಎರಡೂ ಅರ್ಧಗಳನ್ನು ಅವಳಿಗೇ ಕೊಟ್ಟೆ. ಕಲ್ಯಾಣದ ಗಾಡಿಯ ಹೊತ್ತಾಯಿತು. "ಬರ್ತೇನೆ" ಎಂದು ಹೇಳಿ ಹೋದಳು.

ಪಣದ ಪ್ರಕಾರ ಈ ಸಲ ನಾನು ಸೋತೆ, ಕಿಟಕಿ ಅಕ್ಕಾರದು. ಇಂದು ಜನವರಿ ಒಂದು. ಬೆಳಿಗ್ಗೆ ಥಾಣೆಯಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿ ಹಿಡಿದೆ. ಹಿಡಿದು, ಎದ್ದು ನಿಂತೆ. ಒಂದು ಗಳಿಗೆಯೂ ಖಾಲಿ ಉಳಿಯಲಿಲ್ಲ. ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ದಡಕ್ಕನೆ ಕೂತಳು, ಇಲ್ಲೇ ಇಳಿಯುತ್ತೀರಾ ಎಂದು ಹಿಂದಿಯಲ್ಲಿ ಕೇಳಿದಳು. ಇಲ್ಲ, ಖಾರಘರ ಎಂದೆ. ಹಾಗಾದರೆ ಯಾಕೆ ಎದ್ದಿರಿ ಎಂದಳು. ಮೇಲಿನ ಹಿಡಿಕೆ ಹಿಡಿದು, ಸೀವುಡ್ಸ್ ಬರುವ ತನಕ ನಿಂತೇ ಬಂದೆ. ಅಲ್ಲಿ ಗಾಡಿ ನಿಂತು, ಜನ ಇಳಿದು, ಮತ್ತೆ ಹೊರಟ ಮೇಲೆ ಕೂತೆ.